ಕುರುಗೋಡು ಕಲ್ಲಿನ ಕೆಂಪು ಗೆರೆ

ಕುಡಿಯುವ ನೀರಿನಲ್ಲೂ ಆ ಕೆಂಪು ಗೆರೆ ಕಂಡಾಗ ಮರಿಬಸಪ್ಪನಿಗೆ ಮೊದಲು ಆದದ್ದು ಖುಷಿ. ಖುಷಿ ಪೂರ್ತಿ ಆಗುವುದರೊಳಗೆ ಅನುಮಾನ ಬಂತು. ಕಲ್ಲಿನಲ್ಲಿ ಇರಬೇಕಾದ ಗೆರೆಗೆ ನೀರಿನಲ್ಲಿ ಏನು ಕೆಲಸ? ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಜೋಳದ ಚೀಲಕ್ಕೆ ಬೆನ್ನು ಕೊಟ್ಟು, ಹಿತ್ತಾಳೆಯ ಕೊಳವೆಗೆ ಕಣ್ಣು ಹಚ್ಚಿಕೊಂಡು ಅವನು ಕೂತಿದ್ದ. ಎದುರಿಗೆ ಸ್ಪಿರಿಟ್ ದೀಪ, ಕೈಯಲ್ಲಿ ಕೂದಲಿನಂಥ ಪ್ಲಾಟಿನಂ ತಂತಿ, ತಂತಿಯ ತುದಿಗೆ ಸಾಸಿವೆಯಷ್ಟು ಸಣ್ಣ ಉಂಗುರ. ಉಂಗುರವನ್ನು ಯಾವುದರಲ್ಲಿ ಅದ್ದಿ ಉರಿಗೆ ಹಿಡಿದರೂ ಆ ವಸ್ತು ತನ್ನ ಬೆಳಕನ್ನು ಬಿಡುತ್ತದೆ, ಕೊಳವೆಯೊಳಗಿನ ಗಾಜು ಆ ಬೆಳಕನ್ನು ಗೆರೆಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಉಪ್ಪಿಗೆ ಹಳದಿ ಗೆರೆ, ಸುಣ್ಣಕ್ಕೆ ಕಿತ್ತಳೆ ಮತ್ತು ಹಸಿರು ಪಟ್ಟಿ. ಒಂದೊಂದು ಮೂಲವಸ್ತುವಿಗೆ ಒಂದೊಂದು ಗುರುತು, ಮನುಷ್ಯ ಸುಳ್ಳು ಹೇಳಿಯಾನು ಗೆರೆ ಹೇಳುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಅವನೇ ಹೇಳಿಕೊಟ್ಟಿದ್ದ. ಹೇಳುವಾಗ ಕೊರಳು ಸ್ವಲ್ಪ ಏರಿಸಿಯೂ ಇದ್ದ. ಈಗ ಗೆರೆ ಸುಳ್ಳು ಹೇಳುತ್ತಿತ್ತು, ಇಲ್ಲವೇ ಬಳ್ಳಾರಿಯ ನಲ್ಲಿ ನೀರಿನಲ್ಲಿ ರುಬಿಡಿಯಂ ಎಂಬ ಅಪರೂಪದ ಲೋಹ ಹರಿಯುತ್ತಿತ್ತು. ಎರಡನೆಯದನ್ನು ನಂಬುವುದಕ್ಕೆ ಅವನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟ.

ತಂತಿಯನ್ನು ಆಸಿಡ್ಡಿನಲ್ಲಿ ಅದ್ದಿ, ಕೆಂಪಗೆ ಕಾಸಿ, ಆರಿದ ಮೇಲೆ ಸೊಟ್ಟಗಾದ ಉಂಗುರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ದುಂಡಗೆ ಮಾಡಿ, ಈ ಸಲ ಬೆಲ್ಲದ ನೀರಿನಲ್ಲಿ ಅದ್ದಿದ. ಬಂತು ಗೆರೆ. ತೊಗರಿಬೇಳೆ ತೊಳೆದ ನೀರು. ಬಂತು. ಕೆಂಪಿನ ಕಟ್ಟಕಡೆಯ ಅಂಚಿನಲ್ಲಿ, ಇದೆಯೋ ಇಲ್ಲವೋ ಎಂಬಂತೆ, ಆದರೆ ಇದ್ದೇ ಇತ್ತು. ಅಡಿಗೆಮನೆಯ ಬಾಗಿಲಲ್ಲಿ ದಾಕ್ಷಾಯಣಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತು ನೋಡುತ್ತಿದ್ದಳು. ಮದುವೆಯಾಗಿ ಕುರುಗೋಡಿನಿಂದ ಬಂದಾಗಿನಿಂದ ಗಂಡ ಉರಿಯೊಳಗೆ ಏನು ಹುಡುಕುತ್ತಾನೆಂದು ಅವಳು ಕೇಳಿರಲಿಲ್ಲ. ಗಂಡಸರಿಗೆ ಒಂದೊಂದು ಹುಚ್ಚು ಇರುತ್ತದೆ, ಇಸ್ಪೀಟಿಗಿಂತ ಇದು ಮೇಲು ಎಂದುಕೊಂಡು ಸುಮ್ಮನಿದ್ದಳು.

"ಇನ್ನೇನು ಉಳದೈತ್ರಿ? ಬದನಿಕಾಯಿ ಐತಿ, ಕೊಡ್ಲೇನು? ಅದರಾಗೂ ನಮ್ಮೂರ ಕಲ್ಲು ಸಿಕ್ಕೀತು."

"ನಗಬ್ಯಾಡ ನೀನು. ಹತ್ತು ಗಂಟೆಕ್ಕ ಅನಂತಪುರದ ಪ್ರೊಫೆಸರು ಕಾಲೇಜಿಗೆ ಬರ್ತಾರ."

"ನಮ್ಮಪ್ಪನೂ ಬರ್ತಾನ. ಬಸ್ಸಿಗೆ ಕುಂತಿರ್ತಾನ ಈಗಾಗಲೇ. ಅಳಿಯ ನಮ್ಮ ಹೊಲದ ಕಲ್ಲಿನಾಗ ಏನೋ ಹಿಡದಾನ ಅಂತ ಕುರುಗೋಡಿಗೆಲ್ಲ ಸಾರ್ಯಾನ. ನಾಳಿ ಅದು ಸುಳ್ಳಾದ್ರ ನಾ ಆ ಊರಾಗ ಹೆಂಗ ಕಾಲಿಡ್ಲಿ?"

ಹೇಳಬಾರದಿತ್ತು ಎಂದು ಅವನಿಗೆ ಆವತ್ತೇ ಅನಿಸಿತ್ತು. ಹೇಳಬೇಕೆಂದೂ ಇರಲಿಲ್ಲ. ಹೊಸ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಚಹಾ ಹೀರುತ್ತ, ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಅಂದರೆ ಸೀಸೆ ತೊಳೆಯುವವರ ಮೇಸ್ತ್ರಿ ತಾನೇ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ, ನಗದೆ ಇದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದಲ್ಲ. ಆದರೆ ನಗು ಮುಗಿದ ಮೇಲೆ ಬಾಯಿ ಮುಚ್ಚಲಿಲ್ಲ. "ಕುರುಗೋಡಿನ ಕಾಗೆಬಂಗಾರದಲ್ಲಿ ರುಬಿಡಿಯಂ ಇದೆ ಸಾರ್, ನಾನು ಗೆರೆ ಕಂಡಿದ್ದೇನೆ" ಎಂಬ ಮಾತು ತಾನೇ ತಾನಾಗಿ ಹೊರಗೆ ಬಂದುಬಿಟ್ಟಿತ್ತು. ಮಾವ ಹಾಲಸಿದ್ದಪ್ಪ ಹೊಲದ ಬದುವಿನಲ್ಲಿ ಕಿತ್ತು ಕೊಟ್ಟ ಪದರುಪದರಾದ ಹೊಳೆಯುವ ಕಲ್ಲು ಅದು. ಊರವರು ಅದನ್ನು ಕಾಗೆಬಂಗಾರ ಎನ್ನುತ್ತಾರೆ, ಮಕ್ಕಳು ಸುಲಿದು ಆಡುತ್ತಾರೆ. ಪೊಟ್ಯಾಸಿಯಮ್ಮಿನ ಕೆಂಪು ಗೆರೆಗಿಂತ ಒಂದು ಕೂದಲೆಳೆ ಆಚೆಗೆ ಗೆರೆ ಕಂಡಿದೆ ಎಂದು ಅವನಿಗೆ ಅನಿಸಿತ್ತು. ಯುದ್ಧ ಮುಗಿದು ಕಂಟೋನ್ಮೆಂಟಿನಲ್ಲಿ ಹರಾಜಿಗೆ ಬಂದ ಸಾಮಾನಿನಲ್ಲಿ ಸಿಕ್ಕಿದ ಕೊಳವೆ, ಅದರಲ್ಲಿ ಅಳತೆಯ ಪಟ್ಟಿ ಇಲ್ಲ. ಕೂದಲೆಳೆಯನ್ನು ಅಳೆಯುವುದು ಕಣ್ಣು, ಕಣ್ಣನ್ನು ಆಳುವುದು ಆಸೆ. ಮಾತು ಪ್ರಿನ್ಸಿಪಾಲರ ಕಿವಿಗೆ ಹೋಯಿತು. ಅವರು ಪರೀಕ್ಷೆ ನಡೆಸಲು ಬಂದಿದ್ದ ಅನಂತಪುರದ ಪ್ರೊಫೆಸರನ್ನು, ಊರಿಗೆ ಹೊರಡುವ ಮುಂಚೆ ಒಂದು ಗಳಿಗೆ ನಮ್ಮ ಹುಡುಗನ ಕೆಲಸ ನೋಡಿಹೋಗಿ ಎಂದು ಹಿಡಿದು ನಿಲ್ಲಿಸಿದರು. ಗಣಿತದ ಮೇಷ್ಟ್ರು ಆಮೇಲೆ ಅವನಿಗೆ ತಾವೇ ಕುರ್ಚಿ ಸರಿಸಿಕೊಟ್ಟರು. ಆ ಕುರ್ಚಿಯ ಸುಖ ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತಿತ್ತು, ಥೂ.

"ಸರೀರಿ, ಇಲ್ಲಿ ಕೊಡ್ರಿ ಅದನ್ನ" ಎಂದಳು ದಾಕ್ಷಾಯಣಮ್ಮ. ಹಿಟ್ಟಿನ ಕೈಯನ್ನು ಕಟ್ಟೆಯ ಮೇಲೆ ಚೆನ್ನಾಗಿ ತೊಳೆದು, ಸೆರಗಿಗೆ ಒರೆಸಿ, ಕೂತಳು. ಅವನು ತಂತಿಯನ್ನು ಕಾಸಿ ಕೊಟ್ಟ. ಅವಳು ಉಂಗುರವನ್ನು ಮುಟ್ಟಲಿಲ್ಲ, ಸೊಟ್ಟಗಿದ್ದಂತೆಯೇ ನೀರಿನಲ್ಲಿ ಅದ್ದಿ ಉರಿಗೆ ಹಿಡಿದಳು. ಅವನು ಕೊಳವೆಯಲ್ಲಿ ನೋಡಿದ. ಮಸುಕು ಹಳದಿ, ಮತ್ತೇನಿಲ್ಲ. ಇನ್ನೊಮ್ಮೆ ಎಂದ. ಹಳದಿ. "ಕಲ್ಲಿನ ದ್ರಾವಣ ತಗೋ" ಎಂದ. ಕಲ್ಲನ್ನು ಅರೆದು ಆಸಿಡ್ಡಿನಲ್ಲಿ ಕುದಿಸಿ ಸೋಸಿದ್ದು ಸೀಸೆಯಲ್ಲಿತ್ತು. ಅವಳು ಅದ್ದಿದಳು, ಹಿಡಿದಳು. ಹಳದಿ. ಕೆಂಪಿನ ಅಂಚು ಕತ್ತಲೆಯಾಗಿ, ಬಿಕೋ ಎನ್ನುತ್ತಿತ್ತು. ಅವನು ಕೊಳವೆ ಇಳಿಸಿ ತನ್ನ ಬಲಗೈಯನ್ನು ನೋಡಿಕೊಂಡ. ಹೆಬ್ಬೆರಳ ಗೀರುಗಳಲ್ಲಿ, ಉಗುರಿನ ಸಂದಿಯಲ್ಲಿ ಬೂದುಬಣ್ಣ.

ಅವನ ಹುಟ್ಟೂರು ರಾರಾವಿಯಲ್ಲಿ ಅವ್ವ ವಿಭೂತಿಯನ್ನು ಮನೆಯಲ್ಲೇ ಮಾಡುತ್ತಿದ್ದಳು. ಈಗಲೂ ಮಾಡುತ್ತಾಳೆ. ಶಿವರಾತ್ರಿಗೆ ಕುಳ್ಳು ಸುಟ್ಟು, ಬೂದಿಯನ್ನು ಹಳೆಯ ಧೋತರದಲ್ಲಿ ಜಾಲಿಸಿ, ಹಾಲು ಹಾಕಿ ಮಿದ್ದು, ಮುಟಿಗೆಯಲ್ಲಿ ಹಿಡಿದು ಉಂಡೆ ಕಟ್ಟಿ ನೆರಳಲ್ಲಿ ಒಣಗಿಸುವಳು. ದೊಡ್ಡಬಸಮ್ಮನ ವಿಭೂತಿ ಎಂದರೆ ಸಿರುಗುಪ್ಪದವರೂ ಕೇಳಿ ಪಡೆಯುತ್ತಿದ್ದರು. ಪೇಟೆಯ ವಿಭೂತಿ ಬರೀ ಸೀಮೆಸುಣ್ಣ, ಶಿವನಿಗೆ ಗೊತ್ತಾಗಂಗಿಲ್ಲೇನು ಎನ್ನುವಳು. ಹೊಳೆಯಿಂದ ಬರುವ ತಣ್ಣನೆ ಗಾಳಿ, ಒಲೆಯ ಬೂದಿ, ಅವ್ವನ ಕೈಯ ಹಾಲಿನ ವಾಸನೆ, ಹಣೆಗೆ ಮೂರು ಬೆರಳು ಎಳೆದು, ಮಿಕ್ಕಿದ್ದನ್ನು ಅವನ ಮೂಗಿನ ತುದಿಗೆ ಒರೆಸಿ ನಗುತ್ತಿದ್ದದ್ದು. ಅದೇ ಉಂಡೆ ಇವತ್ತೂ ದೇವರ ಗೂಡಿನಲ್ಲಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ, ತೋಳಿಗೆ, ಎದೆಗೆ ಎಳೆದುಕೊಂಡು ನೇರ ಕೆಲಸಕ್ಕೆ ಕೂರುವುದು ಅವನ ವಾಡಿಕೆ. ಮೇಲಾಗಿ ಗಾಬರಿಯಾದಾಗ ಹಣೆ ಒರೆಸಿಕೊಳ್ಳುವ ಚಟ. ಅದೇ ಬೆರಳಿನಿಂದ ಉಂಗುರ ದುಂಡಗೆ ಮಾಡುವುದು. ಜಾಲಿಸಿದರೂ ತೊಳೆಯದ ಬೂದಿ, ಬೂದಿಯ ತುಂಬ ಪೊಟ್ಯಾಸಿಯಂ. ಕೂದಲೆಳೆ ಆಚೆಯೂ ಇಲ್ಲ, ಈಚೆಯೂ ಇಲ್ಲ. ಇಷ್ಟು ದಿನ ಅವನು ಕಂಡದ್ದು ಕುರುಗೋಡಿನ ಕಲ್ಲನ್ನಲ್ಲ, ರಾರಾವಿಯ ಎಮ್ಮೆ ಆಕಳುಗಳನ್ನು.

ಅವನು ಹೇಳಿದ್ದನ್ನು ಕೇಳಿ ದಾಕ್ಷಾಯಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲು ಆಗದೆ ಭುಜ ಕುಣಿಯಿತು. ಗಂಡನ ಮುಖ ನೋಡಿದಾಗ ಭುಜ ನಿಂತಿತು. ರೊಟ್ಟಿ ಸುಡುವ ವಾಸನೆ ಬಂದರೂ ಎದ್ದು ಹೋಗಲಿಲ್ಲ.

"ಹಂಗಾರ ಇವತ್ತು ಕೈ ತೊಳಕಂಡ್ರ ಗೆರಿ ಬರಂಗಿಲ್ಲ. ತೊಳಕಳ್ಳಲಿಲ್ಲಂದ್ರ ಬರ್ತೈತಿ. ಹೌದಲ್ಲ?"

"ಹೌದು."

ಅವಳು ಎದ್ದು, ಕರಕಲಾದ ರೊಟ್ಟಿಯನ್ನು ತಿರುವಿಹಾಕಿ, ಬೆನ್ನು ತಿರುಗಿಸಿಯೇ ಹೇಳಿದಳು: "ನಾ ಯಾರ ಮುಂದೂ ಹೇಳಂಗಿಲ್ಲ ಬಿಡ್ರಿ."

ಬೈದಿದ್ದರೆ ಸುಖವಾಗಿತ್ತು. ಬ್ರೂಸ್‌ಪೇಟೆಯ ಬೀದಿಯಲ್ಲಿ ಕೊಳವೆಯನ್ನು ಕಂಕುಳಲ್ಲಿ ಅಮುಕಿಕೊಂಡು ನಡೆಯುವಾಗ ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು. ಹೇಳಂಗಿಲ್ಲ ಎಂದರೆ ಏನರ್ಥ? ನೀವು ಮೋಸ ಮಾಡಿದರೂ ನನ್ನ ಗಂಡನೇ ಎಂದೇ? ಅಥವಾ ಮೋಸ ಮಾಡುತ್ತೀರಿ ಎಂದು ನನಗೆ ಆಗಲೇ ಗೊತ್ತು ಎಂದೇ? ಮುನಿಸಿಪಾಲ್ಟಿ ನಲ್ಲಿಯ ಹತ್ತಿರ ಹೆಂಗಸರು ಕೊಡಗಳಿಟ್ಟು ಜಗಳವಾಡುತ್ತಿದ್ದರು. ಅಲ್ಲಿ ನಿಂತು ಕೈ ತೊಳೆದುಬಿಡಬಹುದಿತ್ತು. ಹೆಂಗಸರ ನಡುವೆ ನುಗ್ಗುವುದು ಸರಿಯಲ್ಲ ಎಂದು ಮುಂದೆ ಹೋದ. ಎಂಥ ಮರ್ಯಾದಸ್ಥ! ಮುಂದೆ ಇನ್ನೊಂದು ನಲ್ಲಿ ಇತ್ತು, ಅಲ್ಲಿ ಯಾರೂ ಇರಲಿಲ್ಲ, ಅದರ ಕಡೆ ನೋಡದೆ ಕೋಟೆ ಗುಡ್ಡವನ್ನು ನೋಡಿದ. ಬಿಸಿಲಿಗೆ ಬಂಡೆಗಳು ಆಗಲೇ ಕಾದಿದ್ದವು. ಗುಡ್ಡದ ತುಂಬ ಕಲ್ಲು, ಯಾವ ಕಲ್ಲೂ ತನ್ನೊಳಗೆ ಏನಿದೆ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ಬರೀ ಕೈ ತೊಳೆಯುವುದಿಲ್ಲ, ಅಷ್ಟೆ. ದಿನಾ ಹೇಗೆ ಹೋಗುತ್ತೇನೋ ಹಾಗೇ ಹೋಗುತ್ತಿದ್ದೇನೆ. ವಿಭೂತಿ ಹಚ್ಚಿಕೊಂಡು ಕಾಲೇಜಿಗೆ ಹೋಗುವುದು ಅಪರಾಧವೇ? ಈ ವಾದ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೇ ಅಸಹ್ಯವಾಯಿತು. ಹಣೆ ಒರೆಸಿಕೊಂಡ, ಕೂಡಲೇ ಕೈ ನೋಡಿಕೊಂಡ, ಹೊಸ ಬೂದಿ ಸೇರಿತ್ತು.

ಲ್ಯಾಬಿನಲ್ಲಿ ಹಾಲಸಿದ್ದಪ್ಪ ಆಗಲೇ ಸ್ಟೂಲಿನ ಮೇಲೆ ಕೂತಿದ್ದ. ಹೊಸ ರುಮಾಲು, ಮಡಿ ಧೋತರ, ಸೊಂಟದಲ್ಲಿ ಎಲೆ ಹೊಗೆಸೊಪ್ಪಿನ ಚಂಚಿ. ಅಟೆಂಡರ್ ಎರ್ರಣ್ಣನನ್ನು ಆಗಲೇ ಗೆಳೆಯನನ್ನಾಗಿ ಮಾಡಿಕೊಂಡು, ಯಾವ ಸೀಸೆಯಲ್ಲಿ ಏನಿದೆ ಎಂದು ಒಂದೊಂದಾಗಿ ಕೇಳುತ್ತಿದ್ದ. ಅಳಿಯನನ್ನು ಕಂಡು ಎದ್ದು ನಿಂತ. ಮಾವ ಎದ್ದು ನಿಲ್ಲುವುದೆಂದರೇನು!

"ಬರ್ರಿ ಅಳಿಯದೇವ್ರು. ಊರಾಗ ಎಲ್ಲಾರೂ ಕೇಳಾಕತ್ಯಾರ, ನಿಮ್ಮ ಕಲ್ಲಿನಾಗ ಬಂದದ್ದು ಬಂಗಾರಕ್ಕಿಂತ ದೊಡ್ಡದೋ ಸಣ್ಣದೋ ಅಂತ. ನಾ ಅಂದೆ, ದೊಡ್ಡದಾ ಇರಬೇಕು, ಬಂಗಾರ ಆಗಿದ್ರ ನಮಗೂ ಕಾಣತಿತ್ತು, ಇದು ನಮ್ಮಳಿಯಗ ಮಾತ್ರ ಕಾಣತೈತಿ."

ಪ್ರಿನ್ಸಿಪಾಲರೂ ಪ್ರೊಫೆಸರೂ ಒಳಗೆ ಬಂದರು. ಪ್ರೊಫೆಸರು ತೆಳ್ಳಗೆ, ಪರೀಕ್ಷೆಯ ಪೇಪರುಗಳನ್ನು ನೋಡಿ ನೋಡಿ ಕಣ್ಣು ಕೆಂಪಾದವರು, ಊರಿನ ರೈಲಿನ ಮೇಲೇ ಧ್ಯಾನ. ತೆಲುಗು ಬೆರೆಸಿದ ಕನ್ನಡದಲ್ಲಿ, "ಬೇಗ ತೋರಿಸಯ್ಯಾ, ರೈಲು ನನಗೋಸ್ಕರ ನಿಲ್ಲೋದಿಲ್ಲ" ಎಂದರು. ಎರ್ರಣ್ಣ ಕಿಟಕಿ ಮುಚ್ಚಿದ. ಬರ್ನರ್ ಹಚ್ಚಿದ. ಮರಿಬಸಪ್ಪ ತಂತಿಯನ್ನು ಕಾಸಿದ. ಉಂಗುರ ಸೊಟ್ಟಗಿತ್ತು. ಸೊಟ್ಟಗಿರಲಿ, ಮುಟ್ಟಬೇಡ ಎಂದು ಒಂದು ಮನಸ್ಸು ಹೇಳಿತು. ಬೆರಳುಗಳು ಯಾರ ಮಾತನ್ನೂ ಕೇಳದೆ ಅದನ್ನು ದುಂಡಗೆ ಮಾಡಿದವು. ಅದ್ದಿದ. ಉರಿಗೆ ಹಿಡಿದ. ಪ್ರೊಫೆಸರು ಕೊಳವೆಗೆ ಕಣ್ಣಿಟ್ಟರು.

"ಹಾಂ. ಇದೆ. ಕೆಂಪು ಅಂಚಿನಲ್ಲಿ ಇದೆ. ಬಾಗುಂದಿ, ಚೆನ್ನಾಗಿದೆ." ಅವರು ಕೊಳವೆ ಕೆಳಗಿಟ್ಟರು. "ರುಬಿಡಿಯಮ್ಮೋ ಪೊಟ್ಯಾಸಿಯಮ್ಮೋ ಈ ಆಟಿಕೆಯಲ್ಲಿ ಹೇಳೋಕಾಗಲ್ಲ. ವಾಲ್ಟೇರಿನಲ್ಲಿ ದೊಡ್ಡ ಯಂತ್ರ ಇದೆ, ಗೆರೆಗಳನ್ನ ಗಾಜಿನ ಮೇಲೆ ಫೋಟೋ ಹಿಡಿಯುತ್ತೆ. ಕಲ್ಲು ಕೊಡು, ಕಳಿಸೋಣ. ಆದರೆ ಕಲ್ಲಿನಲ್ಲಿ ಏನೋ ಇದೆ. ಶಾಬಾಸ್." ಪ್ರಿನ್ಸಿಪಾಲರು ಭುಜ ತಟ್ಟಿದರು. ಹಾಲಸಿದ್ದಪ್ಪ ರುಮಾಲು ಸರಿಮಾಡಿಕೊಂಡು ಎರ್ರಣ್ಣನ ಕಡೆ ನೋಡಿ, ಕೇಳಿದಿಯಲ್ಲ ಎಂಬಂತೆ ಹುಬ್ಬು ಹಾರಿಸಿದ.

ಮುಗಿಯಿತು. ಇಷ್ಟೇ ಸುಲಭ. ಪ್ರೊಫೆಸರು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟುತ್ತಿದ್ದರು. ವಾಲ್ಟೇರಿನಿಂದ ಉತ್ತರ ಬರುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ, ಅಥವಾ ಅಲ್ಲಿಯ ಯಂತ್ರ ಕೆಟ್ಟಿರುತ್ತದೆ, ಅಥವಾ ಯುದ್ಧವೇ ಮತ್ತೆ ಬರುತ್ತದೆ, ಲೋಕದಲ್ಲಿ ಏನೇನೋ ಆಗುತ್ತದೆ. ಗಣಿತದ ಮೇಷ್ಟ್ರು ಕುರ್ಚಿ ಸರಿಸುತ್ತಾರೆ. ದಾಕ್ಷಾಯಣಿ ಯಾರ ಮುಂದೂ ಹೇಳುವುದಿಲ್ಲ. ಈ ಕಡೆಯ ಮಾತಿಗೆ ಬಂದಾಗ ಅವನ ಕಿವಿ ಕಾದು ಹೋಯಿತು. ಇನ್ನು ಮುಂದೆ ಪ್ರತಿದಿನ, ಊಟಕ್ಕೆ ಕೂತಾಗ, ಮಲಗುವಾಗ, ಜಗಳವಾಡುವಾಗ ಕೂಡ, ಅವಳು ಹೇಳುವುದಿಲ್ಲ. ಮಾವ ಅಲ್ಲಿ ಕೂತು ಮುಗುಳ್ನಗುತ್ತಿದ್ದ, ಎಷ್ಟು ಪ್ರೀತಿಯಿಂದ ಎಂದರೆ ಅದನ್ನು ನೋಡಲಿಕ್ಕಾಗಲಿಲ್ಲ.

"ಸಾರ್" ಎಂದ ಮರಿಬಸಪ್ಪ. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. "ಒಂದು ನಿಮಿಷ ಕೂತುಕೊಳ್ಳಿ. ನಾನು ಕೈ ತೊಳೆದು ಬರುತ್ತೇನೆ."

"ಕೈ ಯಾಕಯ್ಯಾ? ಊಟಕ್ಕೆ ಕರೀತೀಯ?"

ಅವನು ತೊಟ್ಟಿಗೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ಉಜ್ಜಿದ. ಉಗುರಿನ ಸಂದಿಯನ್ನು ಸೀಸೆ ತೊಳೆಯುವ ಬ್ರಷ್ಷಿನಿಂದ ತಿಕ್ಕಿದ. ಹಣೆಯ ಮೂರು ಪಟ್ಟೆಯನ್ನು ಹಾಗೇ ಬಿಟ್ಟ, ಅದು ಯಾರಿಗೂ ಏನೂ ಕೆಡುಕು ಮಾಡಿರಲಿಲ್ಲ. ವಾಪಸು ಬಂದು, ತಂತಿ ಕಾಸಿ, ಉಂಗುರವನ್ನು ದುಂಡಗೆ ಮಾಡಿ, ಕಲ್ಲಿನ ದ್ರಾವಣದಲ್ಲಿ ಅದ್ದಿ ಹಿಡಿದ. ಪ್ರೊಫೆಸರು ನೋಡಿದರು. ಕೊಳವೆ ಒರೆಸಿ ಮತ್ತೆ ನೋಡಿದರು.

"ಎಲ್ಲಿ ಹೋಯ್ತು?"

"ಹೋಗಲಿಲ್ಲ ಸಾರ್, ಇಲ್ಲಿದೆ" ಎಂದು ಮರಿಬಸಪ್ಪ ಬರೀ ನೀರಿನಲ್ಲಿ ತಂತಿ ಅದ್ದಿ, ಒಂದು ಬೆರಳಿನಿಂದ ಹಣೆ ಮುಟ್ಟಿ, ಅದೇ ಬೆರಳನ್ನು ಉಂಗುರಕ್ಕೆ ಸವರಿ ಉರಿಗೆ ಹಿಡಿದ. ಕೆಂಪು ಗೆರೆ ನಿಂತಿತು. "ಇದು ನಮ್ಮವ್ವ ಮಾಡಿದ ವಿಭೂತಿ ಸಾರ್. ಕಲ್ಲಿನಲ್ಲಿ ಏನೂ ಇಲ್ಲ. ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಬಂದು ತೋರಿಸಿದೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸತೊಡಗಿದರು. ಮರಿಬಸಪ್ಪ ಮಾವನ ಕಡೆ ನೋಡಲಿಲ್ಲ. ನೋಡದಿದ್ದರೂ ರುಮಾಲು ಅಲ್ಲಾಡುವುದು ಕಣ್ಣಂಚಿಗೆ ಕಾಣುತ್ತಿತ್ತು. ಆ ರುಮಾಲು ಯಾಕೆ ಅಷ್ಟು ಅಲ್ಲಾಡುತ್ತಿದೆ ಎಂದು ತಿರುಗಿದರೆ, ಹಾಲಸಿದ್ದಪ್ಪ ತೊಡೆ ಬಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದ. ಆಮೇಲೆ ಸದ್ದೂ ಬಂತು.

"ಅಯ್ಯ ಶಿವನೇ! ಕಲ್ಲಿನಾಗ ಇಲ್ಲ, ಬೀಗತ್ಯಾರ ಬೂದ್ಯಾಗ ಐತಿ! ನಾ ಊರಾಗ ಏನಂತ ಹೇಳ್ಲಿ ಈಗ?" ಪ್ರೊಫೆಸರೂ ನಕ್ಕುಬಿಟ್ಟರು. ತೆಳ್ಳನೆ ಮನುಷ್ಯನಿಂದ ಅಂಥ ದಪ್ಪ ನಗು ಬಂದದ್ದು ನೋಡಿ ಪ್ರಿನ್ಸಿಪಾಲರಿಗೂ ಧೈರ್ಯ ಬಂತು. ಅವಮಾನ ಎಂದು ತಾನು ಬೆಳಗಿನಿಂದ ಹೆದರಿದ್ದು ಇದಕ್ಕೇ ಏನು ಎಂದು ಮರಿಬಸಪ್ಪನಿಗೆ ಆಶ್ಚರ್ಯವಾಯಿತು. ಮುಖ ಬಿಸಿಯಾಗಿತ್ತು ನಿಜ, ಆದರೆ ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಿತ್ತು.

"ಹಂಗಾರ ನನ್ನ ಕೈಯಾಗ ಏನೈತಿ ನೋಡ್ರಿ" ಎಂದು ಹಾಲಸಿದ್ದಪ್ಪ ಎದ್ದು ಬಂದು ಬೆರಳು ಚಾಚಿದ. "ನಂದೂ ಒಂದು ಗೆರಿ ಇರಬೇಕಲ್ಲ. ಬಸ್ಸಿನ ಚಾರ್ಜು ಕೊಟ್ಟು ಬಂದೀನಿ." ಈಗಷ್ಟೇ ಸುಣ್ಣ ಹಚ್ಚಿ ಹೊಗೆಸೊಪ್ಪು ತಿಕ್ಕಿ ಬಾಯಿಗೆ ಹಾಕಿಕೊಂಡ ಬೆರಳು ಅದು. ಮರಿಬಸಪ್ಪ ನಗುತ್ತಲೇ ಉಂಗುರವನ್ನು ಮಾವನ ಬೆರಳಿಗೆ ಒರೆಸಿ, ಆಸಿಡ್ಡಿಗೆ ತಾಗಿಸಿ, ಉರಿಗೆ ಹಿಡಿದು, ಹೇಗೂ ಕೈಯಲ್ಲಿ ಕೊಳವೆ ಇತ್ತಲ್ಲ ಎಂದು ನೋಡಿದ. ಸುಣ್ಣದ ಕಿತ್ತಳೆ, ಸುಣ್ಣದ ಹಸಿರು, ಬೂದಿಯ ಹಳೆಯ ಗೆರೆ ಅಂಚಿನಲ್ಲಿ. ಮತ್ತೆ ಹಳದಿಗೂ ಅಂಚಿಗೂ ನಡುವೆ, ಇಷ್ಟು ದಿನ ಒಮ್ಮೆಯೂ ಕಾಣದ ಜಾಗದಲ್ಲಿ, ದಾಸವಾಳದ ಬಣ್ಣದ ಸಣ್ಣ ಗೆರೆಯೊಂದು ಬಂದು ಹೋಯಿತು.

ಅವನು ಕೂಗಲಿಲ್ಲ. ಕೊಳವೆ ಕೆಳಗಿಟ್ಟು, "ಮಾವಾ, ಚಂಚಿಯಾಗಿನ ಹೊಗಿಸೊಪ್ಪಿನ ಎಲಿ ಒಂದು ಕೊಡ್ರಿ" ಎಂದು ತಗ್ಗಿದ ಧ್ವನಿಯಲ್ಲಿ ಕೇಳಿದ. ಮತ್ತೊಮ್ಮೆ ಕೈ ತೊಳೆದ. ಎರ್ರಣ್ಣನಿಂದ ಹೊಸ ಬಟ್ಟಲು ತರಿಸಿದ. ಹೊಗೆಸೊಪ್ಪನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ಬೂದಿಮಾಡಿ, ಎರಡು ಹನಿ ಆಸಿಡ್ ಹಾಕಿ, ತಂತಿಯನ್ನು ಸೊಟ್ಟಗೇ ಬಿಟ್ಟು, ಅದ್ದಿ ಹಿಡಿದು, ಪ್ರೊಫೆಸರಿಗೆ ಕೊಳವೆ ಕೊಟ್ಟ. ಅವರು ನೋಡಿದರು. ಅಂಗಿಯ ತೋಳು ಮಡಿಸಿ, ತೊಟ್ಟಿಗೆ ಹೋಗಿ ತಮ್ಮ ಕೈಯನ್ನೂ ತೊಳೆದು ಬಂದು, ತಾವೇ ತಂತಿ ಹಿಡಿದು ಇನ್ನೊಮ್ಮೆ ನೋಡಿದರು. ಹೊರಗೆಲ್ಲೋ ರೈಲು ಕೂಗಿತು.

"ಲಿಥಿಯಂ" ಎಂದರು. "ಇದರಲ್ಲಿ ಅನುಮಾನ ಇಲ್ಲ, ಇದರ ಜಾಗ ಬೇರೆ. ಹೊಗೆಸೊಪ್ಪಿನಲ್ಲಿ ಇದು ಇರೋದು ಹೊಸ ಸುದ್ದಿಯಲ್ಲಯ್ಯಾ, ಹಳಬರು ಕಂಡಿದ್ದಾರೆ. ಎಲೆ ಅದನ್ನ ತಾನೇ ಹುಟ್ಟಿಸಲ್ಲ, ಮಣ್ಣಿನಿಂದ ಹೀರುತ್ತೆ. ಆದರೆ ಈ ಆಟಿಕೆಯಲ್ಲಿ ಇಷ್ಟು ಚೆನ್ನಾಗಿ ಕಾಣೋದನ್ನ ನಾನು ನೋಡಿಲ್ಲ." ಹಾಲಸಿದ್ದಪ್ಪನ ಕಡೆ ತಿರುಗಿದರು. "ಪೆದ್ದಾಯನಾ, ಹಿರಿಯರೇ, ಈ ಎಲೆ ಯಾವ ಊರಿನದು?"

"ಯಾವೂರದು ಅಂದ್ರ? ನಮ್ಮ ಹೊಲದ್ದ್ರಿ. ಕುರುಗೋಡದ್ದು. ಆ ಕಲ್ಲು ಕಿತ್ತಿದ್ನಲ್ಲ, ಆ ಬದುವಿಗೆ ಹತ್ತಿದ ಹೊಗಿಸೊಪ್ಪಿನ ಮಡಿ."

ಪ್ರೊಫೆಸರು, ಮಣ್ಣು ಕಳಿಸು, ಎಲೆ ಕಳಿಸು, ಬೇರೆ ಬೇರೆ ಹೊಲದ್ದೂ ಕಳಿಸು, ಎಲ್ಲದಕ್ಕಿಂತ ಮೊದಲು ಕೈ ತೊಳೆದುಕೋ ಎಂದು ಹೇಳಿ, ತಪ್ಪಿಹೋದ ರೈಲನ್ನು ಬೈಯುತ್ತ, ಪ್ರಿನ್ಸಿಪಾಲರ ಜೊತೆ ಊಟಕ್ಕೆ ಹೋದರು. ಹೋಗುವಾಗ ಮರಿಬಸಪ್ಪನ ಹಣೆಯನ್ನು ನೋಡಿ ಮತ್ತೆ ನಕ್ಕರು. ಇದರಿಂದ ದೊಡ್ಡದೇನೂ ಆಗಲಿಕ್ಕಿಲ್ಲ, ಕೆಲಸ ಬಹಳ ಇದೆ, ಗಣಿತದ ಮೇಷ್ಟ್ರು ಇನ್ನು ಅವನನ್ನು ವಿಭೂತಿ ಮೇಷ್ಟ್ರು ಎಂದು ಕರೆಯುತ್ತಾರೆ. ಕರೆಯಲಿ ಬಿಡು.

ಬ್ರೂಸ್‌ಪೇಟೆಯ ಬೀದಿಯಲ್ಲಿ ಮಾವ ಅಳಿಯ ಜೊತೆಯಾಗಿ ನಡೆದರು. ಹಾಲಸಿದ್ದಪ್ಪನ ಕೆನ್ನೆ ಹೊಗೆಸೊಪ್ಪಿನ ರಸದಿಂದ ಉಬ್ಬಿತ್ತು. ಉಗುಳಲು ಚರಂಡಿಯ ಕಡೆ ಎರಡು ಸಲ ಬಾಗಿದ, ಎರಡು ಸಲವೂ ನಿಂತ. ಕೊನೆಗೆ ಒಂದು ಬೇವಿನ ಮರದ ಬುಡಕ್ಕೆ ಭಕ್ತಿಯಿಂದ ಉಗುಳಿ, ಬಾಯಿ ಒರೆಸಿಕೊಂಡು ಹೇಳಿದ: "ಇಷ್ಟು ವರ್ಷ ಕುರುಗೋಡಿನ ಐಶ್ವರ್ಯನೆಲ್ಲ ದಾರ್ಯಾಗ ಉಗುಳಿಕೋತ ಬಂದೆನಲ್ಲಪ್ಪಾ. ಯಾರೂ ಹೇಳಲಿಲ್ಲ ನೋಡು." ಆಮೇಲೆ ಸ್ವಲ್ಪ ದೂರ ನಡೆದು, ಮೆಲ್ಲಗೆ ಅಂದ: "ಆ ಪ್ರೊಫೆಸರು ಮೆಟ್ಟು ಮೆಟ್ಟಿ ಹೊಂಟ ಮ್ಯಾಲೂ ಖರೇ ಹೇಳಾಕ ತಿರುಗಿ ಕರದ್ರಲ್ಲ ಅಳಿಯಂದಿರು. ಅದನ್ನ ಹೇಳ್ತೀನಿ ಊರಾಗ."

ಮನೆಯ ಬಾಗಿಲಲ್ಲಿ ದಾಕ್ಷಾಯಣಮ್ಮ ತಂಬಿಗೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪನ ಕಾಲಿಗೆ ನೀರು ಕೊಡಬೇಕು, ಕ್ಷೇಮ ಕೇಳಬೇಕು, ಅದೊಂದೂ ಅವಳಿಗೆ ನೆನಪಾಗಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕೇಳಿದಳು.

"ಗೆರಿ ಬಂತೇನ್ರಿ?"

ಮರಿಬಸಪ್ಪ ಕೊಳವೆಯನ್ನು ಮಾವನ ಕೈಗೆ ಕೊಟ್ಟು, ತನ್ನ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಉಗುರಿನ ಅಂಚುಗಳು ಕೆಂಪಾಗಿದ್ದವು, ಬೂದಿ ಎಲ್ಲೂ ಇರಲಿಲ್ಲ. ಅವಳು ಒಂದೊಂದೇ ಬೆರಳನ್ನು ನೋಡಿದಳು. ತಂಬಿಗೆಯ ನೀರನ್ನು ಅಪ್ಪನ ಕಾಲಿಗೆ ಹಾಕಿ, "ಬರ್ರಿ, ರೊಟ್ಟಿ ಬಿಸಿ ಅದಾವ" ಎಂದು ಒಳಗೆ ಹೋದಳು. ಅವಳ ಭುಜ ಮತ್ತೆ ಕುಣಿಯತೊಡಗಿತ್ತು.